ತೊಪ್ಪೂರು ಘಾಟಿ ಇಳಿಯುವ ಟ್ರೈಲರಿಗೆ ಎಂಥ ಲಾರಿ ಬೇಕು?



ಹೊಸೂರು ಕಡೆಯ ನಮ್ಮ ಶಾಲೆಯಿಂದ ಹತ್ತನೇ ತರಗತಿಯ ಮಕ್ಕಳನ್ನು ಮೆಟ್ಟೂರು ಅಣೆಕಟ್ಟು ನೋಡಲು ಕರೆದುಕೊಂಡು ಹೋಗಿದ್ದೆವು. ಕೃಷ್ಣಗಿರಿ, ಧರ್ಮಪುರಿ ದಾಟಿ ಬಸ್ಸು ತೊಪ್ಪೂರು ಘಾಟಿ ಇಳಿಯತೊಡಗಿತು. ನಮ್ಮ ಮುಂದೆ ಕಬ್ಬಿಣದ ಸುರುಳಿ ಹೇರಿದ ಉದ್ದನೆಯ ಟ್ರೈಲರ್ ಲಾರಿಯೊಂದು ಗುರ್ ಎಂದು ಸದ್ದು ಮಾಡುತ್ತಾ, ಆಮೆಯ ಹಾಗೆ ಇಳಿಯುತ್ತಿತ್ತು. ಹಿಂದಿನ ಸೀಟಿನ ಹುಡುಗರಿಗೆ ಬೇಜಾರು. "ಸಾರ್, ಇಳಿಜಾರು ತಾನೆ? ಸುಮ್ನೆ ಬಿಟ್ರೆ ತಾನಾಗೇ ಹೋಗುತ್ತೆ. ಇವ್ರ್ಯಾಕೆ ಇಷ್ಟು ನಿಧಾನ?" ಎಂದು ಒಬ್ಬ ಕೇಳಿದ.

ಕಿಟಕಿ ಪಕ್ಕ ಕೂತಿದ್ದ ಇನ್ನೊಬ್ಬ ಹುಡುಗ ಅದಕ್ಕೆ ಉತ್ತರ ಕೊಟ್ಟ. ಅವನ ತಂದೆ ಟ್ರೈಲರ್ ಓಡಿಸುತ್ತಾರೆ. "ನಮ್ಮಪ್ಪನ ಓನರ್ ಹೊಸ ಗಾಡಿ ತಗೋಬೇಕು ಅಂತಿದ್ರು. ಎಷ್ಟು ಹಾರ್ಸ್ ಪವರ್ ಬೇಕು ಅಂತ ಅಪ್ಪನ್ನ ಕೇಳಿದ್ರಂತೆ. ಅಪ್ಪ ಏನಂದ್ರು ಗೊತ್ತಾ ಸಾರ್? ಎಳೆಯೋದು ಯಾವ ಗಾಡಿ ಬೇಕಾದ್ರೂ ಎಳೆಯುತ್ತೆ, ನಂಗೆ ತೊಪ್ಪೂರಲ್ಲಿ ಹಿಡಿಯೋ ಗಾಡಿ ಬೇಕು ಅಂದ್ರಂತೆ."

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಭಾರವಾದ ಟ್ರೈಲರನ್ನು ಎಳೆಯಲು ಲಾರಿ ಆರಿಸುವಾಗ ಎಲ್ಲರೂ ಮೊದಲು ಕೇಳುವುದು 'ಎಷ್ಟು ಎಳೆಯುತ್ತೆ?' ಎಂದು. ಆ ಡ್ರೈವರ್ ಅಣ್ಣ ಕೇಳಿದ್ದು 'ಎಷ್ಟು ತಡೆಯುತ್ತೆ?' ಎಂದು. ಅವರ ಪ್ರಶ್ನೆಯೇ ಸರಿ ಎಂಬುದನ್ನು ನಿಮ್ಮ ಪಠ್ಯದಲ್ಲಿರುವ ಬಲ, ಶಕ್ತಿ, ಸಾಮರ್ಥ್ಯ, ಉಷ್ಣ – ಈ ನಾಲ್ಕೇ ಪಾಠಗಳಿಂದ ಲೆಕ್ಕ ಹಾಕಿ ನೋಡೋಣ. ಪೆನ್ಸಿಲ್, ಹಾಳೆ ಹತ್ತಿರ ಇಟ್ಟುಕೊಳ್ಳಿ.

1. ಈ ಘಾಟಿ ಏಕೆ ಮುಖ್ಯ?

ಶ್ರೀನಗರದಿಂದ ಕನ್ಯಾಕುಮಾರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 44 ಬೆಂಗಳೂರು, ಹೊಸೂರು, ಕೃಷ್ಣಗಿರಿ, ಧರ್ಮಪುರಿ ಮೂಲಕ ಸೇಲಂಗೆ ಹೋಗುತ್ತದೆ. ಹೊಸೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಸೇಲಂ ಸುಮಾರು 280 ಮೀಟರ್. ಅಂದರೆ ಬೆಂಗಳೂರು ಕಡೆಯಿಂದ ಹೊರಟ ಪ್ರತಿ ಲಾರಿಯೂ ದಾರಿಯಲ್ಲಿ ಎಲ್ಲೋ 600 ಮೀಟರಿಗೂ ಹೆಚ್ಚು ಇಳಿಯಲೇಬೇಕು. ಆ ಇಳಿತದ ಕಡಿದಾದ ಭಾಗಗಳಲ್ಲಿ ಒಂದು, ಧರ್ಮಪುರಿ ಮತ್ತು ಸೇಲಂ ಜಿಲ್ಲೆಗಳ ಗಡಿಯಲ್ಲಿರುವ ತೊಪ್ಪೂರು ಘಾಟಿ.

ಇಲ್ಲಿಯ ಅಪಘಾತಗಳ ಸುದ್ದಿ ನೀವೂ ಕೇಳಿರುತ್ತೀರಿ. 2020ರ ಡಿಸೆಂಬರಿನಲ್ಲಿ ಹತೋಟಿ ತಪ್ಪಿ ಇಳಿದ ಲಾರಿಯೊಂದು ಹತ್ತಕ್ಕೂ ಹೆಚ್ಚು ವಾಹನಗಳಿಗೆ ಗುದ್ದಿ ನಾಲ್ವರು ಸತ್ತರು. 2024ರ ಜನವರಿ 24ರಂದು ಮತ್ತೆ ಲಾರಿಗಳು ಒಂದಕ್ಕೊಂದು ಗುದ್ದಿ, ನಡುವೆ ಸಿಕ್ಕ ವಾಹನಗಳಿಗೆ ಬೆಂಕಿ ಹತ್ತಿ, ಮತ್ತೆ ನಾಲ್ವರು ಸತ್ತರು. ಸತ್ತವರು ಲಾರಿಯಲ್ಲಿದ್ದವರೇ ಆಗಬೇಕಿಲ್ಲ. ಮುಂದೆ ಕಾರಿನಲ್ಲಿ ಹೋಗುತ್ತಿರುವ ಕುಟುಂಬಕ್ಕೆ ಹಿಂದಿನ ಲಾರಿಯ ಬ್ರೇಕಿನ ಸ್ಥಿತಿ ಹೇಗೆ ತಿಳಿಯಬೇಕು ಹೇಳಿ?

2. ಐದನೇ ಗಾಲಿ ಎಂದರೆ ಯಾವುದು?

ಟ್ರೈಲರ್ ಲಾರಿಯಲ್ಲಿ ಎರಡು ಭಾಗ. ಮುಂದೆ ಇಂಜಿನ್ ಇರುವ ಎಳೆಯುವ ಲಾರಿ, ಹಿಂದೆ ಸರಕು ಹೊರುವ ಟ್ರೈಲರ್. ಟ್ರೈಲರಿಗೆ ಮುಂಗಾಲಿ ಇರುವುದಿಲ್ಲ. ಅದರ ಮೂತಿ ಎಳೆಯುವ ಲಾರಿಯ ಬೆನ್ನಿನ ಮೇಲೆ ಕೂರುತ್ತದೆ. ಕೂರುವ ಜಾಗದಲ್ಲಿ ಗ್ರೀಸ್ ಹಚ್ಚಿದ ದಪ್ಪ ಕಬ್ಬಿಣದ ತಟ್ಟೆಯೊಂದಿದೆ. ಅದೇ ಫಿಫ್ತ್ ವೀಲ್, ಅಂದರೆ ಐದನೇ ಗಾಲಿ. ಟ್ರೈಲರಿನ ಅಡಿಯಲ್ಲಿ ಚಾಚಿಕೊಂಡಿರುವ ಗೂಟದಂಥ ಕಿಂಗ್‌ಪಿನ್ ಈ ತಟ್ಟೆಯ ಬಾಯಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ತಿರುವಿನಲ್ಲಿ ಲಾರಿ ಒಂದು ಕಡೆ, ಟ್ರೈಲರ್ ಇನ್ನೊಂದು ಕಡೆ ತಿರುಗಲು ಸಾಧ್ಯವಾಗುವುದು ಇದರಿಂದಲೇ. ಹಿಂದೆ ಕುದುರೆ ಸಾರೋಟುಗಳಲ್ಲಿ ಮುಂದಿನ ಅಚ್ಚು ತಿರುಗಲೆಂದು ಅದರ ಮೇಲೆ ಅಡ್ಡಲಾಗಿ ಇನ್ನೊಂದು ಗಾಲಿಯಂಥ ಬಳೆ ಇಡುತ್ತಿದ್ದರು. ಹೆಸರು ಅಲ್ಲಿಂದ ಬಂದದ್ದು.

ನಮಗೆ ಹತ್ತಿರದ ಉದಾಹರಣೆ ಎತ್ತಿನ ಗಾಡಿ. ಗಾಡಿಯ ಭಾರದಲ್ಲಿ ಸ್ವಲ್ಪ ಭಾಗ ಮೂಕಿಯ ಮೂಲಕ ಎತ್ತಿನ ಹೆಗಲ ಮೇಲೆ ಬೀಳುತ್ತದೆ. ಮೂಟೆಗಳನ್ನು ತೀರಾ ಹಿಂದಕ್ಕೆ ಹೇರಿದರೆ ಮೂಕಿ ಮೇಲಕ್ಕೆದ್ದು ನೊಗ ಎತ್ತಿನ ಕುತ್ತಿಗೆ ಹಿಡಿಯುತ್ತದೆ. ತೀರಾ ಮುಂದಕ್ಕೆ ಹೇರಿದರೆ ಹೆಗಲು ಕುಸಿಯುತ್ತದೆ. ಟ್ರೈಲರಿನ ಕತೆಯೂ ಇದೇ.

ಎತ್ತಿನ ಗಾಡಿಯಿಂದ ಇನ್ನೊಂದು ಪಾಠವಿದೆ. ಇಳಿಜಾರಿನಲ್ಲಿ ಎತ್ತುಗಳು ಏನು ಮಾಡುತ್ತವೆ ನೋಡಿದ್ದೀರಾ? ಕಾಲು ಊರಿ, ಹಿಂದಕ್ಕೆ ಒರಗಿ, ಗಾಡಿಯನ್ನು ತಡೆದು ತಡೆದು ಇಳಿಸುತ್ತವೆ. ಎಳೆಯುವ ಪ್ರಾಣಿಯೇ ಅಲ್ಲಿ ತಡೆಯುವ ಪ್ರಾಣಿ. ಈ ಚಿತ್ರ ಮನಸ್ಸಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

3. ಮೊದಲ ಲೆಕ್ಕ: ಭಾರ ಎಲ್ಲಿ ಕೂರುತ್ತದೆ?

ನಮ್ಮ ರಸ್ತೆಗಳಲ್ಲಿ ಪ್ರತಿ ಅಚ್ಚಿನ ಮೇಲೆ ಎಷ್ಟು ಭಾರ ಬೀಳಬಹುದು ಎಂಬುದಕ್ಕೆ ಕಾನೂನಿದೆ. 2018ರಲ್ಲಿ ಕೇಂದ್ರ ಸರಕಾರ ಈ ಮಿತಿಗಳನ್ನು ಏರಿಸಿತು. ಎರಡು ಅಚ್ಚಿನ ಲಾರಿ ಮೂರು ಅಚ್ಚಿನ ಟ್ರೈಲರನ್ನು ಎಳೆಯುವಾಗ ಒಟ್ಟು 45.5 ಟನ್ ವರೆಗೆ ಹೋಗಬಹುದು. ಅದನ್ನು ಹೀಗೆ ಬಿಡಿಸಬಹುದು:

ಮುಂದಿನ ಅಚ್ಚು: 7 ಟನ್
ಎಳೆಯುವ (ಡ್ರೈವ್) ಅಚ್ಚು: 11.5 ಟನ್
ಟ್ರೈಲರಿನ ಮೂರು ಅಚ್ಚು ಸೇರಿ: 27 ಟನ್

ಈಗ ಒಂದು ಉದಾಹರಣೆ ಲಾರಿ ತೆಗೆದುಕೊಳ್ಳೋಣ. ಲಾರಿಯ ಸ್ವಂತ ತೂಕ 7.5 ಟನ್. ಅದರಲ್ಲಿ ಮುಂದಿನ ಅಚ್ಚಿನ ಮೇಲೆ 4.8, ಹಿಂದಿನದರ ಮೇಲೆ 2.7. ಸರಕು ತುಂಬಿದ ಟ್ರೈಲರ್ 38 ಟನ್. ಕಿಂಗ್‌ಪಿನ್‌ನಿಂದ ಟ್ರೈಲರ್ ಅಚ್ಚುಗಳ ಮಧ್ಯಕ್ಕೆ 9.5 ಮೀಟರ್. ಟ್ರೈಲರಿನ ಗುರುತ್ವ ಕೇಂದ್ರ ಕಿಂಗ್‌ಪಿನ್‌ನಿಂದ 6.75 ಮೀಟರ್ ಹಿಂದೆ.

ಕಿಂಗ್‌ಪಿನ್ ಸುತ್ತ ಬಲದ ಭ್ರಾಮಕ ಹಾಕಿ:
ಟ್ರೈಲರ್ ಅಚ್ಚುಗಳ ಮೇಲೆ = 38 × 6.75 ÷ 9.5 = 27 ಟನ್
ಕಿಂಗ್‌ಪಿನ್ ಮೇಲೆ = 38 – 27 = 11 ಟನ್

ಈ 11 ಟನ್ ಐದನೇ ಗಾಲಿಯ ಮೂಲಕ ಲಾರಿಯ ಮೇಲೆ ಕೂರುತ್ತದೆ. ಲಾರಿಯ ಎರಡು ಅಚ್ಚುಗಳ ಅಂತರ 3.5 ಮೀಟರ್, ಐದನೇ ಗಾಲಿ ಹಿಂದಿನ ಅಚ್ಚಿಗಿಂತ 0.7 ಮೀಟರ್ ಮುಂದಿದೆ ಎಂದುಕೊಳ್ಳಿ. 0.7 ÷ 3.5 = 0.2. ಅಂದರೆ ಐದರಲ್ಲಿ ಒಂದು ಪಾಲು (2.2 ಟನ್) ಮುಂದಿನ ಅಚ್ಚಿಗೆ, ನಾಲ್ಕು ಪಾಲು (8.8 ಟನ್) ಹಿಂದಿನ ಅಚ್ಚಿಗೆ.

ಮುಂದೆ: 4.8 + 2.2 = 7.0 ಟನ್
ಹಿಂದೆ: 2.7 + 8.8 = 11.5 ಟನ್

ಎಲ್ಲವೂ ಮಿತಿಯೊಳಗೇ ಕೂತಿತು. ಇನ್ನು ಅದೇ ಸರಕನ್ನು ಬೇರೆ ಕಡೆ ಹೇರೋಣ. ಗುರುತ್ವ ಕೇಂದ್ರ ಅರ್ಧ ಮೀಟರ್ ಮುಂದಕ್ಕೆ, 6.25ಕ್ಕೆ ಬಂತು. ಆಗ ಟ್ರೈಲರ್ ಅಚ್ಚುಗಳ ಮೇಲೆ 25 ಟನ್, ಕಿಂಗ್‌ಪಿನ್ ಮೇಲೆ 13 ಟನ್. ಲಾರಿಯ ಮುಂದಿನ ಅಚ್ಚು 7.4, ಹಿಂದಿನದು 13.1. ಎರಡೂ ಮಿತಿ ಮೀರಿದವು. ಒಟ್ಟು ತೂಕ ಮಾತ್ರ ಅದೇ 45.5! ವೇಬ್ರಿಡ್ಜಿನಲ್ಲಿ ಇಡೀ ಗಾಡಿ ನಿಲ್ಲಿಸಿ ತೂಗಿದರೆ ತಪ್ಪು ಗೊತ್ತೇ ಆಗುವುದಿಲ್ಲ. ಅಚ್ಚುಅಚ್ಚಾಗಿ ತೂಗಬೇಕು ಎನ್ನುವುದು ಇದಕ್ಕೇ.

ಹಿಂದಕ್ಕೆ ಹೇರಿದರೆ? ಗುರುತ್ವ ಕೇಂದ್ರ 7.75 ಮೀಟರಿಗೆ ಹೋದರೆ ಟ್ರೈಲರ್ ಅಚ್ಚುಗಳ ಮೇಲೆ 31 ಟನ್, ಕಿಂಗ್‌ಪಿನ್ ಮೇಲೆ ಬರೀ 7 ಟನ್. ಡ್ರೈವ್ ಅಚ್ಚಿನ ಭಾರ 8.3 ಟನ್ನಿಗೆ ಇಳಿಯುತ್ತದೆ. ಗಾಲಿಗೆ ರಸ್ತೆಯ ಮೇಲೆ ಹಿಡಿತ ಸಿಗುವುದು ಅದರ ಮೇಲಿನ ಭಾರದಿಂದ. ಭಾರ ಕಡಿಮೆಯಾದರೆ ಏರುವಾಗ ಗಾಲಿ ಜಾರುತ್ತದೆ, ಇಳಿಯುವಾಗ ಬ್ರೇಕ್ ಒತ್ತಿದರೂ ಜಾರುತ್ತದೆ. ಮಂಡ್ಯದ ಕಡೆ ಕಬ್ಬು ಹೇರಿದ ಟ್ರ್ಯಾಕ್ಟರಿನ ಮುಂಗಾಲಿ ಏರಿನಲ್ಲಿ ನೆಲ ಬಿಟ್ಟೇಳುವುದನ್ನು ನೋಡಿದವರಿಗೆ ಭಾರ ಎಲ್ಲಿ ಕೂರಬೇಕು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

4. ಎರಡನೇ ಲೆಕ್ಕ: ಏರಲು ಎಷ್ಟು ಬೇಕು?

ತೊಪ್ಪೂರಿನ ಇಳಿಜಾರು ಎಲ್ಲ ಕಡೆ ಒಂದೇ ಸಮ ಇಲ್ಲ. ಲೆಕ್ಕಕ್ಕೆಂದು '20ಕ್ಕೆ 1' ಇಟ್ಟುಕೊಳ್ಳೋಣ. ಅಂದರೆ 20 ಮೀಟರ್ ಮುಂದೆ ಹೋದರೆ 1 ಮೀಟರ್ ಏರು ಅಥವಾ ಇಳಿತ. ಗುರುತ್ವ ವೇಗೋತ್ಕರ್ಷ 10 ಮೀ/ಸೆ² ಎಂದಿರಲಿ.

ಗಾಡಿಯ ದ್ರವ್ಯರಾಶಿ = 45,500 ಕಿ.ಗ್ರಾಂ.
ತೂಕ = 4,55,000 ನ್ಯೂಟನ್
ಇಳಿಜಾರಿನ ದಿಕ್ಕಿನಲ್ಲಿ ಗುರುತ್ವದ ಪಾಲು = 4,55,000 ÷ 20 = 22,750 ನ್ಯೂಟನ್
ಗಾಲಿಗಳ ಉರುಳು ಘರ್ಷಣೆ (ತೂಕದ 0.008 ಪಾಲು) = 3,640 ನ್ಯೂಟನ್

ಗಾಳಿಯ ತಡೆ ನಿಧಾನ ವೇಗದಲ್ಲಿ ಚಿಕ್ಕದು, ಬಿಟ್ಟುಬಿಡೋಣ. ಏರುವಾಗ ಘರ್ಷಣೆಯೂ ಎದುರಾಳಿ. ಆದ್ದರಿಂದ ಬೇಕಾದ ಬಲ = 22,750 + 3,640 = 26,390 ನ್ಯೂಟನ್.

ಮೇಲಿನ ಪಾಠಕ್ಕೆ ಒಂದು ಕೊಂಡಿ ಇಲ್ಲಿದೆ. ಮಳೆ, ಕೆಸರು, ಎಣ್ಣೆ ಸೇರಿದ ರಸ್ತೆಯಲ್ಲಿ ಘರ್ಷಣಾಂಕ 0.3ಕ್ಕೆ ಇಳಿದರೆ, 11.5 ಟನ್ ಹೊತ್ತ ಡ್ರೈವ್ ಅಚ್ಚು 34,500 ನ್ಯೂಟನ್ ಎಳೆಯಬಲ್ಲದು. ಸಾಕು. ಹಿಂದಕ್ಕೆ ಹೇರಿ ಅದರ ಭಾರ 8.3 ಟನ್ನಿಗೆ ಇಳಿದಿದ್ದರೆ ಎಳೆಯಬಲ್ಲದ್ದು 24,900 ಮಾತ್ರ. ಇಂಜಿನ್ ಎಷ್ಟೇ ದೊಡ್ಡದಿರಲಿ, ಗಾಲಿ ನಿಂತಲ್ಲೇ ತಿರುಗುತ್ತದೆ. ತುಂಬಾ ಭಾರ ಎಳೆಯುವವರು ಎರಡು ಡ್ರೈವ್ ಅಚ್ಚಿನ ಲಾರಿ ಕೊಳ್ಳುವುದು ಈ ಹಿಡಿತಕ್ಕಾಗಿ.

ಈಗ ಇಂಜಿನ್. ಸಾಮರ್ಥ್ಯ = ಬಲ × ವೇಗ. 180 ಹಾರ್ಸ್ ಪವರ್ ಅಂದರೆ ಸುಮಾರು 134 ಕಿಲೋವ್ಯಾಟ್. ಅದರಲ್ಲಿ ನೂರಕ್ಕೆ 85 ಪಾಲು ಗಾಲಿಗೆ ಮುಟ್ಟುತ್ತದೆ ಎಂದರೆ 114 ಕಿಲೋವ್ಯಾಟ್. ಇದನ್ನು 26,390ರಿಂದ ಭಾಗಿಸಿದರೆ 4.3 ಮೀ/ಸೆ, ಅಂದರೆ ಗಂಟೆಗೆ ಸುಮಾರು 15 ಕಿ.ಮೀ. ಅದೇ 300 ಹಾರ್ಸ್ ಪವರ್ ಲಾರಿ (ಗಾಲಿಗೆ 190 ಕಿಲೋವ್ಯಾಟ್) ಗಂಟೆಗೆ ಸುಮಾರು 26 ಕಿ.ಮೀ. ವೇಗದಲ್ಲಿ ಏರುತ್ತದೆ.

ಟಾಟಾ ಲಾರಿಗಳ ಬಾಗಿಲ ಹತ್ತಿರ 4018, 5530 ಎಂಬಂಥ ಸಂಖ್ಯೆ ನೋಡಿದ್ದೀರಾ? ಮೊದಲ ಎರಡು ಅಂಕಿ ಎಳೆಯಬಹುದಾದ ಒಟ್ಟು ಭಾರದ ಸೂಚನೆ, ಕೊನೆಯ ಎರಡು ಹಾರ್ಸ್ ಪವರಿನ ಸೂಚನೆ. 5530 ಎಂದರೆ ಸುಮಾರು 55 ಟನ್, 300 ಹಾರ್ಸ್ ಪವರ್. ಮುಂದಿನ ಸಲ ಹೆದ್ದಾರಿಯಲ್ಲಿ ಹೋಗುವಾಗ ಓದಿ ನೋಡಿ.

ಅಂದಹಾಗೆ, ಕಡಿಮೆ ಸಾಮರ್ಥ್ಯದ ಲಾರಿಯೂ ಏರಿತು ಎಂಬುದನ್ನು ಗಮನಿಸಿದಿರಾ? ನಿಧಾನವಾಯಿತು, ಅಷ್ಟೇ. ಏರಿನಲ್ಲಿ ಸಾಮರ್ಥ್ಯ ಸಾಲದಿದ್ದರೆ ಹೋಗುವುದು ಸಮಯ. ಇಳಿತದಲ್ಲಿ ಏನು ಹೋಗುತ್ತದೆ ನೋಡೋಣ.

5. ಮೂರನೇ ಲೆಕ್ಕ: ಇಳಿಯಲು ಎಷ್ಟು ಬೇಕು?

ಇಳಿಯುವಾಗ ಘರ್ಷಣೆ ನಮ್ಮ ಸ್ನೇಹಿತ. ಅದು ಸ್ವಲ್ಪ ತಡೆಯುತ್ತದೆ. ಉಳಿದದ್ದನ್ನು ನಾವು ತಡೆಯಬೇಕು: 22,750 – 3,640 = 19,110 ನ್ಯೂಟನ್. ಈ ಸಂಖ್ಯೆಯಲ್ಲಿ ಇಂಜಿನ್ನಿನ ಹಾರ್ಸ್ ಪವರ್ ಎಲ್ಲೂ ಬರಲಿಲ್ಲ. 180 ಇರಲಿ, 300 ಇರಲಿ, ತಡೆಯಬೇಕಾದ ಬಲ ಅಷ್ಟೇ.

4 ಕಿ.ಮೀ. ಉದ್ದದ ಇಂಥ ಇಳಿಜಾರು ಇಳಿದರೆ ಎತ್ತರದಲ್ಲಿ 200 ಮೀಟರ್ ಕಡಿಮೆಯಾಗುತ್ತದೆ. ಕಳೆದ ಪ್ರಚ್ಛನ್ನ ಶಕ್ತಿ = 45,500 × 10 × 200 = 9 ಕೋಟಿ 10 ಲಕ್ಷ ಜೂಲ್. ಉರುಳು ಘರ್ಷಣೆ ನುಂಗುವುದು ಸುಮಾರು 1 ಕೋಟಿ 46 ಲಕ್ಷ. ಉಳಿದ 7 ಕೋಟಿ 64 ಲಕ್ಷ ಜೂಲ್ ಎಲ್ಲಿ ಹೋಗಬೇಕು? ಶಕ್ತಿ ನಾಶವಾಗುವುದಿಲ್ಲ ಎಂದು ನೀವೇ ಬರೆದಿದ್ದೀರಿ. ಒಂದೋ ಅದು ಉಷ್ಣವಾಗಬೇಕು, ಇಲ್ಲವೇ ಚಲನ ಶಕ್ತಿಯಾಗಬೇಕು. ಚಲನ ಶಕ್ತಿಯಾಗುವುದು ಎಂದರೆ ಗಾಡಿ ಓಡಿಹೋಗುವುದು!

7 ಕೋಟಿ 64 ಲಕ್ಷ ಜೂಲ್ ಎಷ್ಟು ದೊಡ್ಡದು? 30 ಡಿಗ್ರಿಯ 260 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಮದುವೆ ಮನೆಯ ದೊಡ್ಡ ಹಂಡೆಗಳನ್ನು ನೆನಪಿಸಿಕೊಳ್ಳಿ. ಇನ್ನೊಂದು ಹೋಲಿಕೆ: ಇದೇ ಗಾಡಿ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ಹೋಗುತ್ತಿದ್ದಾಗ ಅದರ ಚಲನ ಶಕ್ತಿ ಸುಮಾರು 15 ಲಕ್ಷ 80 ಸಾವಿರ ಜೂಲ್. ಅಂದರೆ ಆ 4 ಕಿ.ಮೀ. ಇಳಿಯುವುದು, ಆ ವೇಗದಿಂದ ಗಾಡಿಯನ್ನು ಸುಮಾರು 48 ಸಲ ನಿಲ್ಲಿಸಿದ್ದಕ್ಕೆ ಸಮ. ಪೇಟೆಯಲ್ಲಿ ಚೆನ್ನಾಗಿ ಹಿಡಿಯುವ ಬ್ರೇಕು ಘಾಟಿಯಲ್ಲಿ ಕೈಕೊಡುವುದು ಏಕೆ ಎಂದು ಈಗ ತಿಳಿಯಿತಲ್ಲ?

6. ಬ್ರೇಕ್ ಡ್ರಮ್ ಎಷ್ಟು ಕಾಯುತ್ತದೆ?

ಐದು ಅಚ್ಚು, ಹತ್ತು ಬ್ರೇಕ್ ಡ್ರಮ್. ಒಂದೊಂದು ಸುಮಾರು 50 ಕಿ.ಗ್ರಾಂ. ಎರಕದ ಕಬ್ಬಿಣ ಎಂದುಕೊಳ್ಳಿ. ಒಟ್ಟು 500 ಕಿ.ಗ್ರಾಂ. ಕಬ್ಬಿಣದ ವಿಶಿಷ್ಟೋಷ್ಣ 460. ಎಲ್ಲ ಶಕ್ತಿಯೂ ಡ್ರಮ್ಮುಗಳಿಗೇ ಹೋದರೆ ತಾಪದ ಏರಿಕೆ = 7,64,00,000 ÷ (500 × 460) = ಸುಮಾರು 330 ಡಿಗ್ರಿ.

ನಿಜದಲ್ಲಿ ಗಾಳಿ ಸ್ವಲ್ಪ ಉಷ್ಣವನ್ನು ಒಯ್ಯುತ್ತದೆ, ಆದ್ದರಿಂದ ಏರಿಕೆ ಇದಕ್ಕಿಂತ ಕಡಿಮೆ ಇರುತ್ತದೆ. ಆದರೆ ಟ್ರೈಲರಿನ ಬ್ರೇಕುಗಳನ್ನು ಸರಿಯಾಗಿ ಹೊಂದಿಸದೆ, ಅವು ಹಿಡಿಯದೇ ಇದ್ದರೆ? ಎಲ್ಲ ಕೆಲಸವೂ ಲಾರಿಯ ನಾಲ್ಕೇ ಡ್ರಮ್ಮುಗಳ ಮೇಲೆ. ಅದೇ ಲೆಕ್ಕ ಹಾಕಿದರೆ 830 ಡಿಗ್ರಿ ಬರುತ್ತದೆ. ಅಷ್ಟು ಕಾಯುವ ಎಷ್ಟೋ ಮೊದಲೇ ಬ್ರೇಕ್ ಸೋಲುತ್ತದೆ. ಕಾರಣ ಎರಡು. ಒಂದು, ತುಂಬ ಕಾದಾಗ ಬ್ರೇಕ್ ಲೈನರಿನ ಘರ್ಷಣಾಂಕ ಇಳಿಯುತ್ತದೆ. ಒತ್ತಿದರೂ ಉಜ್ಜುವುದಿಲ್ಲ, ಜಾರುತ್ತದೆ. ಎರಡು, ಕಾದ ಡ್ರಮ್ ಹಿಗ್ಗುತ್ತದೆ. 205 ಮಿ.ಮೀ. ತ್ರಿಜ್ಯದ ಡ್ರಮ್ 300 ಡಿಗ್ರಿ ಕಾದರೆ ತ್ರಿಜ್ಯ ಸುಮಾರು 0.7 ಮಿ.ಮೀ. ಬೆಳೆಯುತ್ತದೆ. ಲೈನರು ಒಳಗಿನಿಂದ ಹೊರಕ್ಕೆ ಒತ್ತಬೇಕು, ಆದರೆ ಡ್ರಮ್ಮೇ ದೂರ ಸರಿಯುತ್ತಿದೆ. ಬ್ರೇಕ್ ಬೂಸ್ಟರಿನ ಕಡ್ಡಿ ಇನ್ನಷ್ಟು ದೂರ ಚಾಚಬೇಕಾಗುತ್ತದೆ. ಅದಕ್ಕೂ ಒಂದು ಮಿತಿ ಇದೆ.

ಆಮೇಲೆ? 19,110 ÷ 45,500 = 0.42 ಮೀ/ಸೆ² ವೇಗೋತ್ಕರ್ಷ. ಇದು ಚಿಕ್ಕದೆಂದು ಕಾಣುತ್ತದೆ. ಆದರೆ 30 ಕಿ.ಮೀ. ವೇಗದಲ್ಲಿ ಬ್ರೇಕ್ ಸೋತರೆ, ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ವೇಗ ಸುಮಾರು 80 ಕಿ.ಮೀ. ತಗಲುವ ಕಾಲ 33 ಸೆಕೆಂಡ್. ಒಂದು ಕಿಲೋಮೀಟರ್ ಮುಗಿಯುವಾಗ 100 ದಾಟಿರುತ್ತದೆ. ಮುಂದೆ ತಿರುವು, ಸೇತುವೆ, ಬೇರೆ ವಾಹನಗಳು.

7. ಇಂಜಿನ್ ಎಂಬ ಎತ್ತು

ಹಾಗಾದರೆ ಬಸ್ಸಿನ ಮುಂದೆ ನಿಧಾನವಾಗಿ ಇಳಿಯುತ್ತಿದ್ದ ಆ ಲಾರಿ ಏನು ಮಾಡುತ್ತಿತ್ತು? ಅದು ಕಡಿಮೆ ಗೇರಿನಲ್ಲಿತ್ತು. ಡ್ರೈವರ್ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಜಿನ್ನಿಗೆ ಡೀಸೆಲ್ ಬರುವುದಿಲ್ಲ. ಆದರೆ ಗೇರು ಹಿಡಿದಿರುವುದರಿಂದ ಗಾಲಿಗಳೇ ಇಂಜಿನ್ನನ್ನು ತಿರುಗಿಸಬೇಕು. ಈಗ ಇಂಜಿನ್ ಒಂದು ಗಾಳಿ ಪಂಪು. ಅದನ್ನು ತಿರುಗಿಸಲು ಶಕ್ತಿ ಖರ್ಚಾಗುತ್ತದೆ, ಆ ಶಕ್ತಿ ಬಿಸಿಯಾಗಿ ಹೊಗೆ ಪೈಪು, ರೇಡಿಯೇಟರಿನಿಂದ ಹೊರಹೋಗುತ್ತದೆ. ಹೊಗೆ ಪೈಪಿನ ದಾರಿಯನ್ನು ಮುಚ್ಚುವ ಎಕ್ಸಾಸ್ಟ್ ಬ್ರೇಕ್ ಇದ್ದರೆ ತಡೆ ಇನ್ನೂ ಹೆಚ್ಚು. ಗೇರು ಕಡಿಮೆಯಾದಷ್ಟೂ ಇಂಜಿನ್ ಜೋರಾಗಿ ತಿರುಗುತ್ತದೆ, ತಡೆಯೂ ಗಾಲಿಯ ಬಳಿ ಹಲವು ಪಟ್ಟು ಆಗುತ್ತದೆ. ನಾವು ಕೇಳಿದ ಗುರ್ ಸದ್ದು ಅದರದೇ. ಕಾಲು ಊರಿ ಹಿಂದಕ್ಕೆ ಒರಗುವ ಎತ್ತು ಇದೇ ಇಂಜಿನ್.

ಕೆಲವು ಲಾರಿಗಳಲ್ಲಿ ರಿಟಾರ್ಡರ್ ಎಂಬ ಇನ್ನೊಂದು ಸಾಧನ ಇರುತ್ತದೆ. ಎಣ್ಣೆಯನ್ನು ಕಲಕಿಯೋ, ವಿದ್ಯುತ್ಕಾಂತದಿಂದಲೋ ಅದು ಗೇರ್ ಬಾಕ್ಸಿನಿಂದ ಹೋಗುವ ಶಾಫ್ಟನ್ನು ತಡೆಯುತ್ತದೆ. ಉಜ್ಜುವ ಲೈನರು ಇಲ್ಲದ್ದರಿಂದ ಸವೆತವಿಲ್ಲ.

ಇಂಜಿನ್ ಮತ್ತು ಎಕ್ಸಾಸ್ಟ್ ಬ್ರೇಕ್ ಸೇರಿ 100 ಕಿಲೋವ್ಯಾಟ್ ತಡೆಯುತ್ತವೆ ಎಂದು ಒಂದು ಉದಾಹರಣೆ ಇಟ್ಟುಕೊಂಡು, ನಮ್ಮ 45.5 ಟನ್ ಗಾಡಿಯನ್ನು ಬೇರೆ ಬೇರೆ ವೇಗದಲ್ಲಿ, ಆಯಾ ವೇಗಕ್ಕೆ ತಕ್ಕ ಗೇರಿನಲ್ಲಿ ಇಳಿಸೋಣ.

ಗಂಟೆಗೆ 20 ಕಿ.ಮೀ.: ತಡೆಯಬೇಕಾದ್ದು 106 ಕಿಲೋವ್ಯಾಟ್, ಬ್ರೇಕಿನ ಪಾಲು 6
ಗಂಟೆಗೆ 30 ಕಿ.ಮೀ.: ತಡೆಯಬೇಕಾದ್ದು 159 ಕಿಲೋವ್ಯಾಟ್, ಬ್ರೇಕಿನ ಪಾಲು 59
ಗಂಟೆಗೆ 40 ಕಿ.ಮೀ.: ತಡೆಯಬೇಕಾದ್ದು 212 ಕಿಲೋವ್ಯಾಟ್, ಬ್ರೇಕಿನ ಪಾಲು 112
ಗಂಟೆಗೆ 60 ಕಿ.ಮೀ.: ತಡೆಯಬೇಕಾದ್ದು 318 ಕಿಲೋವ್ಯಾಟ್, ಬ್ರೇಕಿನ ಪಾಲು 218

20ರಿಂದ 60ಕ್ಕೆ ವೇಗ ಮೂರು ಪಟ್ಟಾಯಿತು. ಬ್ರೇಕಿನ ಪಾಲು ಮೂವತ್ತಾರು ಪಟ್ಟಾಯಿತು! ನಿಧಾನವಾಗಿ ಇಳಿಯುವವನು ಹೆದರುಪುಕ್ಕಲನಲ್ಲ, ಲೆಕ್ಕ ಗೊತ್ತಿದ್ದವನು.

8. "ನ್ಯೂಟ್ರಲ್ ಮಾಡಿದ್ರೆ ಡೀಸೆಲ್ ಉಳಿಯುತ್ತಲ್ಲ ಸಾರ್?"

ಬಸ್ಸಿನಲ್ಲೇ ಈ ಪ್ರಶ್ನೆಯೂ ಬಂತು. ತುಂಬಾ ಜನ ಹೀಗೆ ನಂಬಿದ್ದಾರೆ. ನ್ಯೂಟ್ರಲ್ ಎಂದರೆ ಇಳಿಜಾರಿನಲ್ಲಿ ಎತ್ತು ಬಿಚ್ಚಿ ಗಾಡಿ ತಳ್ಳಿದ ಹಾಗೆ. ಇಂಜಿನ್ನಿನ ತಡೆ ಸೊನ್ನೆ, ಎಲ್ಲವೂ ಬ್ರೇಕಿನ ಪಾಲಿಗೆ. ಒಮ್ಮೆ ವೇಗ ಏರಿದ ಮೇಲೆ ಮತ್ತೆ ಕಡಿಮೆ ಗೇರಿಗೆ ಹಾಕಲು ಹೋದರೆ ಗೇರು ಬೀಳುವುದೇ ಕಷ್ಟ.

ಡೀಸೆಲ್ಲಾದರೂ ಉಳಿಯಿತೇ? ಅದೂ ಇಲ್ಲ. 2020ರ ಏಪ್ರಿಲಿನಿಂದ ಬಂದ ಬಿಎಸ್-6 ಲಾರಿಗಳಲ್ಲಿ, ಗೇರಿನಲ್ಲಿದ್ದು ಕಾಲು ತೆಗೆದು ಇಳಿಯುವಾಗ ಡೀಸೆಲ್ ಸರಬರಾಜು ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ಆರಿಹೋಗದಂತೆ ಐಡ್ಲಿಂಗಿಗೆ ಡೀಸೆಲ್ ಸುರಿಯಲೇಬೇಕು. ಅಂದರೆ ನ್ಯೂಟ್ರಲ್ಲಿನಲ್ಲೇ ಖರ್ಚು ಜಾಸ್ತಿ. ಇಂಜಿನ್ನನ್ನೇ ಆಫ್ ಮಾಡುವುದಂತೂ ಇನ್ನೂ ಅಪಾಯ. ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರ್, ಪವರ್ ಸ್ಟಿಯರಿಂಗ್ ಎರಡೂ ಇಂಜಿನ್ನಿನಿಂದಲೇ ನಡೆಯುವುದು.

9. ಹಾಗಾದರೆ ಲಾರಿ ಆರಿಸುವುದು ಹೇಗೆ?

ಇಷ್ಟು ಲೆಕ್ಕದ ನಂತರ ಪಟ್ಟಿ ತಾನಾಗೇ ಸಿದ್ಧವಾಗುತ್ತದೆ.

(ಅ) ಮೊದಲು ಟ್ರೈಲರಿನ ನಿಜವಾದ ತೂಕ. ಸರಕು ತುಂಬಿ ವೇಬ್ರಿಡ್ಜಿನಲ್ಲಿ ತೂಗಿದ್ದು, ಅಂದಾಜಲ್ಲ.
(ಆ) ಲಾರಿಗೆ ಕಂಪನಿ ಕೊಟ್ಟ ಒಟ್ಟು ಎಳೆಭಾರದ ಮಿತಿ ಆ ತೂಕಕ್ಕೆ ಸಾಲುತ್ತದೆಯೇ? ಪ್ರತಿ ಅಚ್ಚಿನ ಮಿತಿ ಸಾಲುತ್ತದೆಯೇ?
(ಇ) ಇಳಿಯುವಾಗ ಇಂಜಿನ್ ಬ್ರೇಕ್ ಎಷ್ಟು ಕಿಲೋವ್ಯಾಟ್ ತಡೆಯುತ್ತದೆ? ದಿನವೂ ಘಾಟಿ ಇಳಿಯುವ ಗಾಡಿಗೆ ರಿಟಾರ್ಡರ್ ಇದೆಯೇ?
(ಈ) ಟ್ರೈಲರಿನ ಬ್ರೇಕ್ ಎಲ್ಲ ಗಾಲಿಯಲ್ಲೂ ಹಿಡಿಯುತ್ತದೆಯೇ? ಎಬಿಎಸ್ ಕೆಲಸ ಮಾಡುತ್ತಿದೆಯೇ? ಲಾರಿಯ ಹಿಂಗಾಲಿ ಮಾತ್ರ ಲಾಕ್ ಆಗಿ ಜಾರಿದರೆ, ಹಿಂದಿನಿಂದ ಟ್ರೈಲರ್ ತಳ್ಳಿ ಇಡೀ ಗಾಡಿ ಮಡಚುವ ಚಾಕುವಿನಂತೆ ಮಡಚಿಕೊಳ್ಳುತ್ತದೆ.
(ಉ) ಐದನೇ ಗಾಲಿಯ ಅಳತೆ ಕಿಂಗ್‌ಪಿನ್ನಿಗೆ ಹೊಂದುತ್ತದೆಯೇ? 50 ಮಿ.ಮೀ. ಮತ್ತು 90 ಮಿ.ಮೀ. ಎಂಬ ಎರಡು ಅಳತೆಗಳಿವೆ. ಜೋಡಿಸಿದ ಮೇಲೆ ಟ್ರೈಲರ್ ಬ್ರೇಕ್ ಹಿಡಿದು ಲಾರಿಯನ್ನು ಮೆಲ್ಲಗೆ ಮುಂದಕ್ಕೆ ಜಗ್ಗಿ ನೋಡಬೇಕು. ಕೆಳಗಿಳಿದು ಲಾಕನ್ನು ಕಣ್ಣಾರೆ ನೋಡಬೇಕು.
(ಊ) ಇವೆಲ್ಲ ಆದ ಮೇಲೆ ಹಾರ್ಸ್ ಪವರ್.

ಅಮೆರಿಕದಲ್ಲಿ ರಜೆಗೆ ಹೋಗುವ ಕುಟುಂಬಗಳು ಮನೆಯಂಥ ಟ್ರೈಲರನ್ನು ಪಿಕಪ್ ಗಾಡಿಯ ಬೆನ್ನಿಗೆ ಐದನೇ ಗಾಲಿಯಿಂದಲೇ ಕಟ್ಟಿ ಎಳೆಯುತ್ತವೆ. ಅಲ್ಲಿಯ ತೂಕ ಕಡಿಮೆ ಇರಬಹುದು, ಪಟ್ಟಿ ಇದೇ. ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವ ಲಾರಿಗೂ ಇದೇ.

10. ಮಾಡಿ ನೋಡಿ

ಚಟುವಟಿಕೆ 1: ಅಂಗಡಿಯ ಎರಡು ಎಲೆಕ್ಟ್ರಾನಿಕ್ ತಕ್ಕಡಿ ತನ್ನಿ. ಎರಡರ ಮೇಲೂ ಒಂದೊಂದು ಪೆನ್ಸಿಲ್ ಅಡ್ಡ ಇಟ್ಟು, ಅವುಗಳ ಮೇಲೆ ಮೀಟರ್ ಸ್ಕೇಲ್ ಮಲಗಿಸಿ. 1 ಕಿ.ಗ್ರಾಂ. ಉಪ್ಪಿನ ಪ್ಯಾಕೆಟ್ಟನ್ನು ಸ್ಕೇಲಿನ ಮೇಲೆ ಬೇರೆ ಬೇರೆ ಜಾಗದಲ್ಲಿಟ್ಟು ಎರಡೂ ತಕ್ಕಡಿ ಓದಿ. ಮೊತ್ತ ಬದಲಾಯಿತೇ? ಪಾಲು ಬದಲಾಯಿತೇ? ಒಂದು ತಕ್ಕಡಿ ಕಿಂಗ್‌ಪಿನ್, ಇನ್ನೊಂದು ಟ್ರೈಲರಿನ ಅಚ್ಚು.

ಚಟುವಟಿಕೆ 2: 1 ಮೀಟರ್ ಉದ್ದದ ಹಲಗೆಯ ಒಂದು ತುದಿಯನ್ನು 5 ಸೆ.ಮೀ. ಎತ್ತರಿಸಿ. ಇದೇ 20ಕ್ಕೆ 1. ಒಟ್ಟು 1 ಕಿ.ಗ್ರಾಂ. ಇರುವ ಆಟಿಕೆ ಗಾಡಿಯನ್ನು ಸ್ಪ್ರಿಂಗ್ ತಕ್ಕಡಿಯಿಂದ ಮೆಲ್ಲಗೆ ಮೇಲಕ್ಕೆಳೆದು ಒಮ್ಮೆ, ಮೆಲ್ಲಗೆ ಕೆಳಗಿಳಿಸಿ ಒಮ್ಮೆ ಅಳತೆ ಓದಿ. ಎರಡರ ಸರಾಸರಿ 0.5 ನ್ಯೂಟನ್ ಹತ್ತಿರ ಬರಬೇಕು. ವ್ಯತ್ಯಾಸದ ಅರ್ಧ ಏನನ್ನು ತೋರಿಸುತ್ತದೆ?

ಯೋಚಿಸಿ, ಉತ್ತರಿಸಿ

ಅ. 28 ಟನ್ನಿನ ಲಾರಿ ಇದೇ ಇಳಿಜಾರನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ಇಳಿದರೆ ತಡೆಯಬೇಕಾದ ಬಲ ಮತ್ತು ಸಾಮರ್ಥ್ಯ ಎಷ್ಟು?
ಆ. ಟ್ರೈಲರ್ 34 ಟನ್, ಗುರುತ್ವ ಕೇಂದ್ರ 6.65 ಮೀಟರ್, ಅಚ್ಚುಗಳ ದೂರ 9.5 ಮೀಟರ್. ಕಿಂಗ್‌ಪಿನ್ ಮೇಲೆ ಎಷ್ಟು ಭಾರ?
ಇ. ಬ್ರೇಕಿನಲ್ಲಿ ಕಾದ ಡ್ರಮ್ಮಿಗೆ ತಣ್ಣೀರು ಸುರಿದರೆ ಏನಾಗಬಹುದು?

ಉತ್ತರಗಳು: (ಅ) 11,760 ನ್ಯೂಟನ್, ಸುಮಾರು 98 ಕಿಲೋವ್ಯಾಟ್. (ಆ) 10.2 ಟನ್. (ಇ) ಹೊರಭಾಗ ಒಮ್ಮೆಲೇ ಕುಗ್ಗಿ, ಒಳಭಾಗ ಹಿಗ್ಗಿಯೇ ಇರುವುದರಿಂದ ಎರಕದ ಕಬ್ಬಿಣ ಬಿರುಕು ಬಿಡಬಹುದು. ತಾನಾಗಿ ಆರಲು ಬಿಡಬೇಕು.

ನಿಮ್ಮ ಮನೆಯಲ್ಲಿ ಅಪ್ಪ, ಮಾವ, ಅಣ್ಣ ಯಾರಾದರೂ ಲಾರಿ ಓಡಿಸುತ್ತಿದ್ದರೆ ಈ ಹಾಳೆಯನ್ನು ಅವರ ಮುಂದಿಟ್ಟು ಕೂತುಕೊಳ್ಳಿ. ಪಾಠ ಹೇಳಲು ಅಲ್ಲ, ಕೇಳಲು. ಯಾವ ಘಾಟಿಯನ್ನು ಯಾವ ಗೇರಿನಲ್ಲಿ ಇಳಿಯುತ್ತಾರೆ, ಎಲ್ಲಿ ನಿಲ್ಲಿಸಿ ಡ್ರಮ್ ಆರಿಸುತ್ತಾರೆ, ಯಾವ ಗಾಡಿಯನ್ನು ನಂಬುತ್ತಾರೆ, ಬರೆದುಕೊಳ್ಳಿ. ಅದನ್ನು ತರಗತಿಗೆ ತನ್ನಿ, ಒಟ್ಟಿಗೆ ಲೆಕ್ಕ ಹಾಕೋಣ. ಅಂದು ಬಸ್ಸಿನಲ್ಲಿ ಆ ಹುಡುಗ ಅಪ್ಪನ ಒಂದು ಮಾತು ಹೇಳದಿದ್ದರೆ ಈ ಪಾಠವೇ ಹುಟ್ಟುತ್ತಿರಲಿಲ್ಲ.